ಪುಣೆಯ ಶೋರೂಂ, ಚಿಕ್ಕೋಡಿ ಪಾಸಿಂಗ್: ಹೊರ ರಾಜ್ಯದಿಂದ ಹೊಸ ಕಾರು ತಂದ ಒಂದು ಪ್ರಕರಣ

2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು. ಅದಕ್ಕೆ ಮೊದಲು ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಶೇ. 28 ಜಿಎಸ್‌ಟಿ, ಜೊತೆಗೆ ಶೇ. 1 ಸೆಸ್ ಇತ್ತು. ಬೆಲೆ ಇಳಿದ ಹೊತ್ತಿಗೇ ದಸರಾ, ದೀಪಾವಳಿಯೂ ಬಂದವು. ಶೋರೂಂಗಳಲ್ಲಿ ಜನ ಮುಗಿಬಿದ್ದರು. ಚಿಕ್ಕೋಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ ನನ್ನ ಭಾವ ಕಾರು ತಗೊಳ್ಳಬೇಕು ಅಂತ ಹೊರಟಿದ್ದು ಸರಿಯಾಗಿ ಆಗಲೇ.

ಅವರಿಗೆ ಬೇಕಿದ್ದದ್ದು ಪೆಟ್ರೋಲ್ ಆಟೋಮ್ಯಾಟಿಕ್ ಹ್ಯಾಚ್‌ಬ್ಯಾಕ್. ಮನೆಯಲ್ಲಿ ಕಾರು ಜಾಸ್ತಿ ಓಡಿಸುವವಳು ಅಕ್ಕ. ಅವಳಿಗೆ ಮೊಣಕಾಲು ನೋವು, ಕ್ಲಚ್ ತುಳಿಯಲು ಆಗುವುದಿಲ್ಲ. ಹಾಗಾಗಿ ಮ್ಯಾನುಯಲ್ ಗಾಡಿ ಕೂಡಲೇ ಸಿಗುತ್ತದೆ ಅಂದರೂ ಪ್ರಯೋಜನವಿರಲಿಲ್ಲ. ಬೆಳಗಾವಿಯಲ್ಲಿ ಬುಕಿಂಗ್ ದುಡ್ಡು ಕಟ್ಟಿದರು, ಆದರೆ ಆಟೋಮ್ಯಾಟಿಕ್‌ಗೆ ತಿಂಗಳುಗಟ್ಟಲೆ ವೇಟಿಂಗ್ ಅಂದರು. ಕೊಲ್ಹಾಪುರದಲ್ಲಿ ಕೇಳಿದರೂ ಅದೇ ಉತ್ತರ. ಭಾವನ ತಮ್ಮನ ಮಗ ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕಿದ್ದಾನೆ. ಅವನು ವಿಚಾರಿಸಿದಾಗ ಅಲ್ಲಿನ ಒಬ್ಬ ಡೀಲರ್ ಹತ್ತಿರ ಯಾರೋ ಬುಕಿಂಗ್ ರದ್ದು ಮಾಡಿದ ಗಾಡಿ ಯಾರ್ಡ್‌ನಲ್ಲಿ ನಿಂತಿತ್ತು. ಬೇಕಾದ ಮಾಡೆಲ್ಲೇ, ಬೇಕಾದ ಬಣ್ಣವೇ. ಹುಡುಗ ಅವತ್ತೇ ಬುಕಿಂಗ್ ದುಡ್ಡು ಕಟ್ಟಿದ. ಅಲ್ಲಿಂದ ಮುಂದಿನ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ಬೇರೆ ರಾಜ್ಯದಿಂದ ಕಾರು ತಂದರೆ ಅಗ್ಗ ಅನ್ನುವ ನಂಬಿಕೆ ಗಡಿ ಭಾಗದಲ್ಲಿ ಬಹಳ ಇದೆ. ಹೊಸ ಕಾರಿನ ಮಟ್ಟಿಗೆ ಅದು ಅಷ್ಟು ನಿಜವಲ್ಲ. ಜಿಎಸ್‌ಟಿ ದೇಶಕ್ಕೆಲ್ಲ ಒಂದೇ. ಎಕ್ಸ್-ಶೋರೂಂ ಬೆಲೆಯಲ್ಲಿ, ಅಂದರೆ ರಸ್ತೆ ತೆರಿಗೆ, ವಿಮೆ ಸೇರದ ಬೆಲೆಯಲ್ಲಿ, ದೊಡ್ಡ ವ್ಯತ್ಯಾಸ ಇರುವುದಿಲ್ಲ. ಎಲ್ಲ ಸೇರಿದ ಆನ್-ರೋಡ್ ಬೆಲೆ ಬೇರೆ ಬೇರೆ ಕಾಣುವುದು ರಸ್ತೆ ತೆರಿಗೆಯಿಂದ. ಆ ತೆರಿಗೆಯನ್ನು ಕಟ್ಟಬೇಕಾದ್ದು ಗಾಡಿ ಎಲ್ಲಿ ಓಡುತ್ತದೋ ಅಲ್ಲಿ. ಹೊರಗಿನ ಡೀಲರ್‌ನಿಂದ ನಿಜವಾಗಿ ಸಿಗುವ ಲಾಭ ಅಂದರೆ ಬೇಗ ಸಿಗುವ ಗಾಡಿ. ಕೆಲವೊಮ್ಮೆ ಸ್ವಲ್ಪ ಜಾಸ್ತಿ ರಿಯಾಯಿತಿ. ಭಾವನಿಗೆ ಬೇಕಿದ್ದದ್ದು ಬೇಗ ಸಿಗುವ ಗಾಡಿಯೇ.

ಎಂಎಚ್ ಪಾಸಿಂಗ್ ಮಾಡಿಸಿ ಎಂಬ ಸಲಹೆ

ಮೊದಲ ಫೋನಿನಲ್ಲೇ ಸೇಲ್ಸ್ ಹುಡುಗ ಒಂದು ದಾರಿ ತೋರಿಸಿದ. "ನಿಮ್ಮ ಹುಡುಗ ಇಲ್ಲೇ ಇದ್ದಾನಲ್ಲ, ಅವನ ಬಾಡಿಗೆ ಅಗ್ರಿಮೆಂಟ್ ಕೊಡಿ. ಎಂಎಚ್-14 ಪಾಸಿಂಗ್ ಮಾಡಿಕೊಡ್ತೀವಿ. ನಂಬರ್ ಪ್ಲೇಟ್ ಹಾಕಿಯೇ ಗಾಡಿ ಒಯ್ಯಬಹುದು. ತೆರಿಗೆಯೂ ಕಡಿಮೆ" ಅಂದ. ಪಾಸಿಂಗ್ ಅಂದರೆ ನೋಂದಣಿ; ಎಂಎಚ್ ಅಂದರೆ ಮಹಾರಾಷ್ಟ್ರದ ನಂಬರ್. ಭಾವನಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಕೇಳಿಸಿಕೊಂಡು ಫೋನಿಟ್ಟು ನನ್ನ ಮುಖ ನೋಡಿದರು.

ಲೆಕ್ಕ ಹಾಕಿದೆವು. ಕಾರಿನ ಎಕ್ಸ್-ಶೋರೂಂ ಬೆಲೆ 9,40,000 ರೂಪಾಯಿ. ಕರ್ನಾಟಕದಲ್ಲಿ 5 ಲಕ್ಷದಿಂದ 10 ಲಕ್ಷದ ನಡುವಿನ ಕಾರಿಗೆ ಆಜೀವ ತೆರಿಗೆ ಶೇ. 14. ಆ ತೆರಿಗೆಯ ಮೇಲೆ ಶೇ. 11 ಸೆಸ್. ಅಂದರೆ 1,31,600 ತೆರಿಗೆ, 14,476 ಸೆಸ್, ಒಟ್ಟು 1,46,076 ರೂಪಾಯಿ. ಮಹಾರಾಷ್ಟ್ರದಲ್ಲಿ 10 ಲಕ್ಷದವರೆಗಿನ ಪೆಟ್ರೋಲ್ ಕಾರಿಗೆ ಶೇ. 11. ಅಂದರೆ 1,03,400. ವ್ಯತ್ಯಾಸ 42,676 ರೂಪಾಯಿ. ಸಣ್ಣ ಅಂಗಡಿ ನಡೆಸುವವರಿಗೆ ಇದು ಸಣ್ಣ ದುಡ್ಡಲ್ಲ. ಆಸೆ ಹುಟ್ಟಿದ್ದರಲ್ಲಿ ತಪ್ಪಿಲ್ಲ.

ಆದರೆ 1988ರ ಮೋಟಾರು ವಾಹನ ಕಾಯ್ದೆಯ 40ನೇ ಕಲಂ ಸ್ಪಷ್ಟವಾಗಿದೆ. ಮಾಲೀಕ ಎಲ್ಲಿ ವಾಸವಿದ್ದಾನೋ, ಅಥವಾ ಅವನ ವ್ಯವಹಾರ ಎಲ್ಲಿದ್ದು ಗಾಡಿ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೋ, ಆ ರಾಜ್ಯದಲ್ಲೇ ನೋಂದಣಿ ಆಗಬೇಕು. ಭಾವನ ಮನೆ ಚಿಕ್ಕೋಡಿಯಲ್ಲಿ, ಅಂಗಡಿ ಚಿಕ್ಕೋಡಿಯಲ್ಲಿ, ಕಾರು ನಿಲ್ಲುವುದೂ ಅಲ್ಲೇ. ಪುಣೆಯ ವಿಳಾಸ ಕೊಟ್ಟರೆ ಅದು ಸುಳ್ಳು ಹೇಳಿಕೆ. ಮುಂದೆ ಅಪಘಾತವಾಗಿ ಕ್ಲೇಮ್ ಹಾಕಿದಾಗಲೋ, ಗಾಡಿ ಮಾರುವಾಗಲೋ ಆ ಸುಳ್ಳು ಎದುರಿಗೆ ಬಂದು ನಿಲ್ಲುತ್ತದೆ. ಅದೂ ಅಲ್ಲದೆ 47ನೇ ಕಲಂ ಪ್ರಕಾರ ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ದಾಟಿ ಉಳಿದರೆ ಅಲ್ಲಿ ಹೊಸದಾಗಿ ನಂಬರ್ ಪಡೆಯಬೇಕು. ಆಗ ಕರ್ನಾಟಕದ ತೆರಿಗೆ ಹೇಗೂ ಕಟ್ಟಬೇಕು. ಮಹಾರಾಷ್ಟ್ರದಲ್ಲಿ ಕಟ್ಟಿದ್ದರಲ್ಲಿ ಉಳಿದ ಭಾಗ ವಾಪಸ್ ಪಡೆಯಲು ಅಲ್ಲಿನ ಕಚೇರಿಗೆ ಅಲೆಯಬೇಕು. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಓಡಾಡುತ್ತಿದ್ದ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯನ್ನು ಸಾರಿಗೆ ಅಧಿಕಾರಿಗಳು ಹಿಡಿದು, ಮಾಲೀಕರಿಂದ ಸುಮಾರು 1.4 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡ ಸುದ್ದಿ ಭಾವನೂ ಓದಿದ್ದರು. "ಬ್ಯಾಡ ಬಿಡು, ನಮ್ಮ ಊರಿನ ನಂಬರೇ ಇರ್ಲಿ" ಅಂದರು. ಚಿಕ್ಕೋಡಿಯ ಕೆಎ-23 ನಂಬರೇ ಅಂತ ತೀರ್ಮಾನವಾಯಿತು.

ರಾಜ್ಯ ಬದಲಾದರೂ ಮತ್ತೆ ನೋಂದಣಿ ಬೇಡದ ಬಿಎಚ್ (ಭಾರತ್ ಸರಣಿ) ನಂಬರ್ ಯಾಕೆ ಬೇಡ ಅಂತ ಪುಣೆಯ ನಮ್ಮ ಹುಡುಗ ಕೇಳಿದ. ಅದು ಸರ್ಕಾರಿ ನೌಕರರಿಗೆ, ಸಾರ್ವಜನಿಕ ಉದ್ದಿಮೆಯವರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಗಳ ನೌಕರರಿಗೆ ಇರುವ ಸೌಲಭ್ಯ. ಅಂಗಡಿ ಮಾಲೀಕರಿಗೆ ಅದು ಸಿಗುವುದಿಲ್ಲ.

ಬಿಲ್ಲಿನಲ್ಲಿ ಸಿಕ್ಕ ಸುಳಿವು

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಘಟ್ಟ ಇದು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬ್ಯಾಂಕ್ ಸಾಲಕ್ಕೆ ಬೇಕು ಅಂತ ಡೀಲರ್ ಪ್ರೊಫಾರ್ಮಾ ಇನ್‌ವಾಯ್ಸ್, ಅಂದರೆ ಅಂತಿಮ ಬಿಲ್ಲಿಗೆ ಮೊದಲಿನ ಅಂದಾಜು ಬಿಲ್, ಕಳಿಸಿದ. ಹೆಸರು ಭಾವನದೇ, ಬೆಲೆಯೂ ಸರಿ. ಕೆಳಗೆ ತೆರಿಗೆಯ ಸಾಲಿನಲ್ಲಿ ಸಿಜಿಎಸ್‌ಟಿ (ಕೇಂದ್ರದ ಪಾಲು) ಶೇ. 9, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಶೇ. 9 ಅಂತ ಇತ್ತು. ಒಂದೇ ರಾಜ್ಯದೊಳಗಿನ ಮಾರಾಟಕ್ಕೆ ಹೀಗೆ ಎರಡು ಸಾಲು ಬರುತ್ತದೆ. ಅಲ್ಲೇ ನನಗೆ ಅನುಮಾನ ಬಂತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಜಿಎಸ್‌ಟಿ ಕಾನೂನಿನ ತಿದ್ದುಪಡಿಯಂತೆ, ಜಿಎಸ್‌ಟಿ ನಂಬರ್ ಕೊಡದೆ ಸ್ವಂತಕ್ಕೆ ಕೊಳ್ಳುವ ಗ್ರಾಹಕನ ವಿಳಾಸ ಬಿಲ್ಲಿನಲ್ಲಿ ಯಾವ ರಾಜ್ಯದ್ದಿದೆಯೋ, ಆ ರಾಜ್ಯಕ್ಕೇ ಮಾರಾಟವಾಯಿತು ಅಂತ ಲೆಕ್ಕ. ಚಿಕ್ಕೋಡಿಯ ವಿಳಾಸ ಇದ್ದಿದ್ದರೆ ಅಲ್ಲಿ ಒಂದೇ ಸಾಲು ಇರಬೇಕಿತ್ತು: ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ ಜಿಎಸ್‌ಟಿ) ಶೇ. 18. ಒಟ್ಟು ದುಡ್ಡು ಎರಡರಲ್ಲೂ ಅಷ್ಟೇ. ಆದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬಂದಿದೆ ಅಂದರೆ ಡೀಲರ್‌ನ ಕಂಪ್ಯೂಟರಿನಲ್ಲಿ ಭಾವನ ವಿಳಾಸ ಮಹಾರಾಷ್ಟ್ರದ್ದು ಅಂತ ಕೂತಿದೆ.

ವಿಚಾರಿಸಿದಾಗ ಹಾಗೇ ಆಗಿತ್ತು. ಬುಕಿಂಗ್ ದಿನ ಶೋರೂಂನವರು "ವಿಳಾಸ ಹೇಳಿ" ಅಂದಾಗ ಹುಡುಗ ಸಂಪರ್ಕಕ್ಕೆ ಅಂದುಕೊಂಡು ತನ್ನ ಫ್ಲ್ಯಾಟಿನ ವಿಳಾಸ ಹೇಳಿದ್ದ. ಮೊಬೈಲ್ ನಂಬರ್ ಕೂಡ ಅವನದೇ. ಅದೇ ವಿಳಾಸ ಮುಂದೆ ಇನ್‌ವಾಯ್ಸ್‌ಗೆ, ವಿಮೆಗೆ, ಫಾರ್ಮ್ 21ಕ್ಕೆ, ತಾತ್ಕಾಲಿಕ ನೋಂದಣಿಗೆ ಸಾಲಾಗಿ ಹೋಗುತ್ತಿತ್ತು. ಫಾರ್ಮ್ 21 ಅಂದರೆ ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರ. ಚಿಕ್ಕೋಡಿ ಆರ್‌ಟಿಒದಲ್ಲಿ ಅದೇ ಆಧಾರ. ಅದರಲ್ಲಿ ಪುಣೆಯ ವಿಳಾಸ, ಆಧಾರ್ ಕಾರ್ಡಿನಲ್ಲಿ ಚಿಕ್ಕೋಡಿಯ ವಿಳಾಸ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ತಿದ್ದಿಸಲು ಮತ್ತೆ ಪುಣೆಗೇ ಹೋಗಬೇಕು.

ಅಷ್ಟು ಹೊತ್ತಿಗೆ ನಾವು ಕೊಟ್ಟಿದ್ದದ್ದು ಬುಕಿಂಗ್ ದುಡ್ಡು ಮಾತ್ರ. ಅದೇ ನಮ್ಮ ಬಲ. ಭಾವ ಶೋರೂಂ ಮ್ಯಾನೇಜರ್‌ಗೆ ಫೋನ್ ಮಾಡಿ, ವಿಳಾಸ ಬದಲಾಗಿ ಹೊಸ ಪ್ರೊಫಾರ್ಮಾ ಬರುವವರೆಗೆ ಬ್ಯಾಂಕಿನಿಂದ ದುಡ್ಡು ಬರುವುದಿಲ್ಲ ಅಂತ ಹೇಳಿದರು. ಮರುದಿನವೇ ಹೊಸದು ಬಂತು. ಚಿಕ್ಕೋಡಿ ವಿಳಾಸ, ಐಜಿಎಸ್‌ಟಿ, ಭಾವನದೇ ಮೊಬೈಲ್ ನಂಬರ್, ಎಲ್ಲ ಸರಿಯಿತ್ತು. ಪೂರ್ತಿ ದುಡ್ಡು ಹೋದ ಮೇಲೆ ಇದೇ ಮಾತು ಹೇಳಿದ್ದರೆ ಎಷ್ಟು ಬೇಗ ಆಗುತ್ತಿತ್ತೋ ಹೇಳಲಾಗದು. ಹೊರ ರಾಜ್ಯದ ವ್ಯವಹಾರದಲ್ಲಿ ಡೀಲರ್‌ಗೆ ನಮ್ಮ ಆರ್‌ಟಿಒ ಏನು ಕೇಳುತ್ತದೆ ಅನ್ನುವುದರ ಅಭ್ಯಾಸ ಇರುವುದಿಲ್ಲ. ತನ್ನ ಊರಿನ ಗ್ರಾಹಕನಿಗೆ ಮಾಡುವ ಹಾಗೇ ಮಾಡುತ್ತಾನೆ. ಅವನು ಮುದ್ರಿಸುವ ಪ್ರತಿ ಕಾಗದವೂ ನಮ್ಮ ಊರಿನ ಕೌಂಟರಿನಲ್ಲಿ ನಿಲ್ಲುತ್ತದೆಯೇ ಅಂತ ನೋಡಿಕೊಳ್ಳಬೇಕಾದವರು ನಾವು. ನೋಡಬೇಕಾದ್ದೂ ಕೊನೆಯ ಕಂತು ಹೋಗುವ ಮೊದಲು.

ಮೊಬೈಲ್ ನಂಬರಿನ ಮಾತನ್ನು ಸುಮ್ನೆ ಬಿಡಬಾರದು. ಗಾಡಿಗಳ ನೋಂದಣಿ ನಡೆಯುವ ಸರ್ಕಾರದ 'ವಾಹನ್' ತಂತ್ರಾಂಶದಲ್ಲಿ ಗಾಡಿಯ ಜೊತೆ ಯಾವ ನಂಬರ್ ಸೇರಿದೆಯೋ ಒಟಿಪಿ ಅದಕ್ಕೇ ಬರುತ್ತದೆ. ಕೆಲವು ಕಡೆ ಡೀಲರ್ ಸಿಬ್ಬಂದಿ ಬೇಗ ಆಗಲಿ ಅಂತ ತಮ್ಮದೇ ನಂಬರ್ ಹಾಕಿಬಿಡುತ್ತಾರೆ. ಆಮೇಲೆ ಮಾಲೀಕ ಒಂದೊಂದು ಕೆಲಸಕ್ಕೂ ಅವರ ಫೋನಿಗೆ ಕಾಯಬೇಕು.

ಕೊಟೇಶನ್‌ನಲ್ಲಿ ಇನ್ನೂ ಎರಡು ಸಾಲು ತೆಗೆಸಿದೆವು. ಒಂದು, ಮಹಾರಾಷ್ಟ್ರದ ರಸ್ತೆ ತೆರಿಗೆ ಮತ್ತು ನೋಂದಣಿ ವೆಚ್ಚ. ಅಲ್ಲಿ ನೋಂದಣಿಯೇ ಇಲ್ಲ ಅಂದ ಮೇಲೆ ಅದು ಬರುವ ಹಾಗಿಲ್ಲ. ತಾತ್ಕಾಲಿಕ ನೋಂದಣಿಯ ಶುಲ್ಕ ಮಾತ್ರ ಬರಬೇಕು. ಇನ್ನೊಂದು, 'ಹ್ಯಾಂಡ್ಲಿಂಗ್' ಹೆಸರಿನ ಮೊತ್ತ. ಯಾತಕ್ಕೆ ಅಂತ ಬರೆದು ಕೊಡಿ ಅಂದಾಗ ಅವರೇ ತೆಗೆದರು. ಬೆಲೆ 10 ಲಕ್ಷ ದಾಟಿದ್ದರೆ ಶೇ. 1 ಟಿಸಿಎಸ್ (ಮಾರುವವರೇ ವಸೂಲು ಮಾಡುವ ತೆರಿಗೆ) ಕೂಡ ಸೇರುತ್ತಿತ್ತು. ಅದು ಆದಾಯ ತೆರಿಗೆ ಲೆಕ್ಕದಲ್ಲಿ ವಾಪಸ್ ಸಿಗುವ ದುಡ್ಡು. ಇವರದು ದಾಟಿರಲಿಲ್ಲ. ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿ ಬಿಲ್ ಮಾಡಲೇ ಅಂತಲೂ ಕೇಳಿದರು. ಸ್ವಂತ ಓಡಾಟದ ಕಾರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕಟ್ಟಿದ ಜಿಎಸ್‌ಟಿಯನ್ನು ಅಂಗಡಿಯ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಬೇಡ ಅಂದೆವು.

ವಿಮೆಯಲ್ಲಿಯೂ ಊರಿನ ಲೆಕ್ಕ ಇದೆ. ಖಾಸಗಿ ಕಾರಿನ ವಿಮೆಗೆ ಅಹಮದಾಬಾದ್, ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದ್, ಕೋಲ್ಕತ್ತ, ಮುಂಬೈ, ಪುಣೆ 'ಎ' ವಲಯ. ಉಳಿದದ್ದೆಲ್ಲ 'ಬಿ'. ಗಾಡಿ ಎಲ್ಲಿ ನೋಂದಣಿ ಆಗುತ್ತದೋ ಅದರ ಮೇಲೆ ವಲಯ. ಡೀಲರ್ ಕೊಟ್ಟ ವಿಮೆ ಲೆಕ್ಕ ಪುಣೆಯದಾಗಿತ್ತು. ಚಿಕ್ಕೋಡಿ ಅಂತ ಬದಲಿಸಿದಾಗ ಸ್ವಂತ ಹಾನಿಯ ಪ್ರೀಮಿಯಂ ಸ್ವಲ್ಪ ಇಳಿಯಿತು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸ್ವಂತ ಹಾನಿಯದು ಒಂದು ವರ್ಷಕ್ಕೆ ಸಾಕು. ಡೀಲರ್ ಹತ್ತಿರವೇ ವಿಮೆ ಮಾಡಿಸಬೇಕು ಅನ್ನುವ ಕಟ್ಟುಪಾಡು ಇಲ್ಲ. ಭಾವ ಹೊರಗಿನ ಬೆಲೆ ತೋರಿಸಿದ ಮೇಲೆ ಶೋರೂಂನವರೇ ಹೊಂದಿಸಿಕೊಂಡರು.

ಗಾಡಿ ನೋಡಿದ್ದು

ಚಾಸಿ ನಂಬರ್ ಹಾಕಿ ಅಂತಿಮ ಬಿಲ್ ಮಾಡುವ ಮೊದಲೇ ಗಾಡಿ ನೋಡುತ್ತೇವೆ ಅಂತ ಮುಂಚೆಯೇ ಬರೆಸಿಕೊಂಡಿದ್ದೆವು. ಬಿಲ್ ಆದ ಮೇಲೆ ಗಾಡಿ ಬದಲಿಸುವುದು ಯಾವ ಡೀಲರ್‌ಗೂ ಇಷ್ಟವಿಲ್ಲ. ಹುಡುಗ ಯಾರ್ಡ್‌ಗೆ ಹಗಲು ಹೊತ್ತಿನಲ್ಲೇ ಹೋಗಿ ವಿಡಿಯೋ ಕಾಲ್ ಮಾಡಿದ. ಶೋರೂಂನ ದೀಪದ ಕೆಳಗೆ ಎಲ್ಲ ಬಣ್ಣವೂ ಚೆಂದ ಕಾಣುತ್ತದೆ. ಬಿಸಿಲಿನಲ್ಲಿ ನೋಡಿದರೇನೇ ಗೀರು, ಅಲೆ ಗೊತ್ತಾಗುವುದು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕು ಚಕ್ರದಲ್ಲೂ 3125 ಅಂತ ಇತ್ತು. ಅಂದರೆ 2025ರ 31ನೇ ವಾರ. ಕಾರು ಆಗಸ್ಟ್‌ನಲ್ಲಿ ತಯಾರಾಗಿದ್ದು ಅಂತ ಡೀಲರ್ ಹೇಳಿದ್ದಕ್ಕೆ ಅದು ಹೊಂದಿತು. ಸ್ಟೆಪ್ನಿಯನ್ನೂ ನೋಡು ಅಂದೆ. ಅದೂ ಅದೇ ಸುಮಾರಿನದು. ಮೀಟರಿನಲ್ಲಿ ಓಡಿದ ಕಿಲೋಮೀಟರ್ ಎರಡಂಕಿ ದಾಟಿರಲಿಲ್ಲ. ಚಾಸಿ ನಂಬರಿನ 17 ಅಕ್ಷರ-ಅಂಕಿಗಳ ಫೋಟೋ ತೆಗೆಸಿ ಪ್ರೊಫಾರ್ಮಾ ಜೊತೆ ಒಂದೊಂದೇ ಹೋಲಿಸಿದೆವು. ಹಿಂದಿನ ಬಂಪರಿನ ಎಡ ಮೂಲೆಯಲ್ಲಿ ಬೆರಳುದ್ದದ ಗೀರು ಕಂಡಿತು. ಪಾಲಿಶ್ ಮಾಡಿದರೆ ಹೋಗುತ್ತದೆ ಅಂದರು. ಉಗುರು ಆಡಿಸಿದರೆ ಸಿಕ್ಕಿಹಾಕಿಕೊಳ್ಳುತ್ತಿತ್ತು, ಹಾಗಾಗಿ ಅದು ಪಾಲಿಶಿಗೆ ಹೋಗುವಂಥದ್ದಲ್ಲ. ಬಂಪರ್‌ಗೆ ಬಣ್ಣ ಹೊಡೆಯುವುದು ಬೇಡ, ಬಂಪರನ್ನೇ ಬದಲಿಸಿ ಅಂತ ಈಮೇಲ್ ಹಾಕಿದೆವು. ಬದಲಿಸಿದರು.

ಇದೆಲ್ಲ ಮುಗಿದ ಮೇಲೆ ಬ್ಯಾಂಕ್ ಸಾಲದ ದುಡ್ಡನ್ನು ನೇರವಾಗಿ ಡೀಲರ್ ಖಾತೆಗೆ ಕಳಿಸಿತು. ಚಿಕ್ಕೋಡಿಯ ಶಾಖೆಯವರು ಹೊರ ರಾಜ್ಯದ ಡೀಲರ್ ಅಂತ ಮೊದಲು ಸ್ವಲ್ಪ ಹಿಂದೆಮುಂದೆ ನೋಡಿದ್ದರು. ನೋಂದಣಿ ಚಿಕ್ಕೋಡಿಯಲ್ಲೇ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಬರುತ್ತದೆ ಅಂತ ಬರೆದುಕೊಟ್ಟ ಮೇಲೆ ಒಪ್ಪಿದರು.

ತಾತ್ಕಾಲಿಕ ನಂಬರ್, ಹೆದ್ದಾರಿ ದಾರಿ

ಕೇಂದ್ರ ಮೋಟಾರು ವಾಹನ ನಿಯಮಗಳ 42ನೇ ನಿಯಮದ ಪ್ರಕಾರ ನೋಂದಣಿ ಇಲ್ಲದೆ ಡೀಲರ್ ಗಾಡಿಯನ್ನು ಗ್ರಾಹಕನ ಕೈಗೆ ಕೊಡುವಂತಿಲ್ಲ. ಒಂದೋ ಕಾಯಂ ನೋಂದಣಿ, ಇಲ್ಲವೋ ತಾತ್ಕಾಲಿಕ. 2019ರ ತಿದ್ದುಪಡಿ ಆದಮೇಲೆ ಡೀಲರ್ ಇರುವ ರಾಜ್ಯದಲ್ಲೇ ಗಾಡಿ ನೋಂದಣಿ ಆಗುವುದಾದರೆ ಅರ್ಜಿ ಹಾಕುವ ಕೆಲಸ ಡೀಲರ್‌ನದು. ಬೇರೆ ರಾಜ್ಯಕ್ಕೆ ಹೋಗುವ ಗಾಡಿಗೆ ಅವನು ತಾತ್ಕಾಲಿಕ ನೋಂದಣಿ ಮಾಡಿಸಿಕೊಡುತ್ತಾನೆ. ಉಳಿದದ್ದು ಮಾಲೀಕನ ಹೊಣೆ.

ತಾತ್ಕಾಲಿಕ ಪ್ರಮಾಣಪತ್ರ ಬಂದ ಮೇಲೆ ಮೂರು ಕಡೆ ಕಣ್ಣು ಹಾಯಿಸಿದೆವು. ಕಾಯಂ ನೋಂದಣಿ ಆಗುವ ಜಾಗ ಕರ್ನಾಟಕ, ಚಿಕ್ಕೋಡಿ ಅಂತ ಇದೆಯೇ, ಚಾಸಿ ಮತ್ತು ಎಂಜಿನ್ ನಂಬರ್ ಸರಿ ಇದೆಯೇ, ಬ್ಯಾಂಕಿನ ಹೆಸರು ಇದೆಯೇ. ಹಳದಿ ಫಲಕದ ಮೇಲೆ ಕೆಂಪು ಅಕ್ಷರದಲ್ಲಿ 'ಟಿ'ಯಿಂದ ಶುರುವಾಗುವ ನಂಬರ್ ಹಾಕಿಕೊಟ್ಟರು. ಕಾಗದ ಅಂಟಿಸಿ ಕಳಿಸುವ ಹಳೆಯ ಪದ್ಧತಿ ಈಗ ನಡೆಯುವುದಿಲ್ಲ.

ಫೈಲಿನಲ್ಲಿ ಮೂಲ ಪ್ರತಿಗಳೇ ಬೇಕು ಅಂತ ಪಟ್ಟು ಹಿಡಿದೆವು. ಇನ್‌ವಾಯ್ಸ್, ಫಾರ್ಮ್ 21, ತಯಾರಕರು ಕೊಡುವ ರಸ್ತೆ ಯೋಗ್ಯತೆಯ ಫಾರ್ಮ್ 22, ತಾತ್ಕಾಲಿಕ ನೋಂದಣಿ, ವಿಮೆ. ಫಾರ್ಮ್ 20 ಅರ್ಜಿಗೆ ಬ್ಯಾಂಕಿನ ಸಹಿ, ಸೀಲನ್ನು ಚಿಕ್ಕೋಡಿಯಲ್ಲೇ ಹಾಕಿಸಿಕೊಂಡೆವು. ಕೊರಿಯರ್‌ನಲ್ಲಿ ಕಳಿಸುತ್ತೇವೆ ಅಂದ ಒಂದು ಕಾಗದವನ್ನೂ ಬಿಟ್ಟು ಹೊರಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪುಣೆ ಪಕ್ಕದ ಬೀದಿಯಲ್ಲಿಲ್ಲ.

ಗಾಡಿಯನ್ನು ಲಾರಿಯಲ್ಲಿ ತರಿಸಬಹುದಿತ್ತು. ಭಾವ ಓಡಿಸಿಕೊಂಡೇ ಬರುವುದು ಅಂದರು. ಅಕ್ಕನೂ ಬಂದಿದ್ದಳು. ಹೊರಡುವ ಮೊದಲು ಟೈರಿನ ಗಾಳಿ ನೋಡಿಸಿದೆವು. ಯಾರ್ಡ್‌ನಲ್ಲಿ ನಿಂತ ಗಾಡಿಗೆ ಗಾಳಿ ಜಾಸ್ತಿ ತುಂಬಿರುತ್ತಾರೆ. ಫಾಸ್ಟ್ಯಾಗ್ ಅಂಟಿಸಿದ್ದರೆ ಸಾಲದು, ಚಾಲೂ ಆಗಿದೆಯೇ, ದುಡ್ಡು ಇದೆಯೇ ಅಂತ ಶೋರೂಂನಲ್ಲೇ ನೋಡಿಕೊಂಡೆವು. 2025ರ ನವೆಂಬರ್ 15ರಿಂದ ಫಾಸ್ಟ್ಯಾಗ್ ಕೆಲಸ ಮಾಡದಿದ್ದರೆ ಯುಪಿಐನಲ್ಲಿ ಒಂದೂಕಾಲು ಪಟ್ಟು, ನಗದಿನಲ್ಲಿ ಎರಡು ಪಟ್ಟು ಟೋಲ್ ಅಂತ ನಿಯಮ ಬಂದಿತ್ತು. ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಆಮೇಲೆ ನಮ್ಮ ಕಡೆಯ ಕೊಗನೊಳ್ಳಿ. ಅಷ್ಟೂ ಕಡೆ ನಿಂತು ವಾದ ಮಾಡುವುದು ಯಾರಿಗೆ ಬೇಕು? ಖೇಡ್ ಶಿವಾಪುರದಲ್ಲಿ ದುಡ್ಡು ಕಡಿತವಾದ ಮೆಸೇಜ್ ಭಾವನ ಫೋನಿಗೇ ಬಂತು. ಒಂದು ಚಿಂತೆ ಹೋಯಿತು.

ಖಂಬಾಟ್ಕಿ ಘಾಟ್ ಹತ್ತುವಾಗ ಹುಡುಗ ಓಡಿಸಿದ. ಸಾತಾರಾ ದಾಟಿದ ಮೇಲೆ ಅಕ್ಕ ಚಕ್ರ ಹಿಡಿದಳು. ಸಾತಾರಾದಿಂದ ಕಾಗಲ್‌ವರೆಗೆ ಆರು ಪಥದ ಕೆಲಸ ನಡೆಯುತ್ತಿತ್ತು. ಅಲ್ಲಲ್ಲಿ ರಸ್ತೆ ತಿರುಗಿಸಿದ್ದರು. ಹೊಸ ಎಂಜಿನ್‌ಗೆ ಅದು ಒಳ್ಳೆಯದೇ ಆಯಿತು. ಮೊದಲ ಸಾವಿರ ಕಿಲೋಮೀಟರ್ ಒಂದೇ ವೇಗದಲ್ಲಿ ತುಂಬಾ ಹೊತ್ತು ಓಡಿಸಬಾರದು, ಜೋರಾಗಿ ಎಳೆಯಲೂ ಬಾರದು. ಎಡಗಾಲಿಗೆ ಕೆಲಸವೇ ಇಲ್ಲದೆ ಕರಾಡದವರೆಗೆ ಬಂದದ್ದನ್ನು ಅಕ್ಕ ಊರಿಗೆ ಬಂದ ಮೇಲೂ ಎಲ್ಲರಿಗೂ ಹೇಳುತ್ತಿದ್ದಳು. ನಿಪ್ಪಾಣಿಯಲ್ಲಿ ಹೆದ್ದಾರಿ ಬಿಟ್ಟು ಚಿಕ್ಕೋಡಿ ದಾರಿ ಹಿಡಿದಾಗ ಕತ್ತಲಾಗಿತ್ತು.

ಚಿಕ್ಕೋಡಿ ಆರ್‌ಟಿಒ

ತಾತ್ಕಾಲಿಕ ನೋಂದಣಿಯ ಅವಧಿ ಮುಗಿಯುವವರೆಗೆ ಸಮಯ ಇದೆ ಅಂತ ಸುಮಾರು ಜನ ಆರಾಮಾಗಿ ಇರುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ 47ನೇ ನಿಯಮ ಹೇಳುವುದು ಬೇರೆ. ಗಾಡಿ ಕೈಗೆ ಬಂದ ದಿನದಿಂದ, ಪ್ರಯಾಣದ ಅವಧಿ ಬಿಟ್ಟು, ಏಳು ದಿನದೊಳಗೆ ಅರ್ಜಿ ಹಾಕಬೇಕು. ಭಾವ ಆ ವಾರವೇ ಹೋದರು.

ಕಚೇರಿ ಎದುರು ಒಬ್ಬ ಏಜೆಂಟ್ ಹಳದಿ ಫಲಕ ನೋಡಿ ಹತ್ತಿರ ಬಂದ. "ಮಹಾರಾಷ್ಟ್ರದ ಎನ್‌ಒಸಿ ತಂದೀರೇನ್ರಿ? ಇಲ್ಲಂದ್ರ ಆಗೂದಿಲ್ಲ. ನಾ ಮಾಡಿಸಿಕೊಡ್ತೀನಿ" ಅಂದ. ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕಾಗುವುದು ಒಂದು ರಾಜ್ಯದಲ್ಲಿ ಕಾಯಂ ನಂಬರ್ ಆದ ಗಾಡಿಯನ್ನು ಇನ್ನೊಂದು ರಾಜ್ಯಕ್ಕೆ ಒಯ್ಯುವಾಗ. ತಾತ್ಕಾಲಿಕ ನಂಬರಿನ ಹೊಸ ಗಾಡಿಗೆ ಅದರ ಪ್ರಶ್ನೆ ಏಳುವುದಿಲ್ಲ. ಭಾವ ಕೈಮುಗಿದು ಒಳಗೆ ನಡೆದರು. ಈ ಒಂದು ಸುಳ್ಳಿನ ಮೇಲೆ ಗಡಿ ಭಾಗದಲ್ಲಿ ಎಷ್ಟೋ ಜನ ದುಡ್ಡು ಕಳೆದುಕೊಂಡಿದ್ದಾರೆ ಅನ್ನುವುದು ನನಗೆ ಬೇಸರದ ಸಂಗತಿ.

ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, 1,46,076 ರೂಪಾಯಿ ತೆರಿಗೆ ಕಟ್ಟಿದ ರಸೀದಿ ತೆಗೆದಿಟ್ಟುಕೊಂಡಿದ್ದೆವು. ಅದರ ಜೊತೆ ನೋಂದಣಿ ಶುಲ್ಕ 600, ಸಾಲದ ನಮೂದಿಗೆ 1,500, ಸ್ಮಾರ್ಟ್ ಕಾರ್ಡ್‌ಗೆ 200. ಇನ್‌ಸ್ಪೆಕ್ಟರ್ ಹೊರಗೆ ಬಂದು ಗಾಡಿ ನೋಡಿದರು. ಚಾಸಿ ನಂಬರ್ ಕೊರೆದ ಜಾಗದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿಸಿದರು. ಬಿಳಿ ಅಂಕಿಗಳು ಒಂದೊಂದಾಗಿ ಮೂಡಿದವು. ಅದನ್ನು ಫಾರ್ಮ್ 21ರ ಪಕ್ಕ ಹಿಡಿದು ಓದಿದರು. ಆಮೇಲೆ ವಿಳಾಸದ ಸಾಲಿನ ಮೇಲೆ ಬೆರಳಿಟ್ಟರು. "ಪುಣೇದ ಗಾಡಿ ಅಂದ್ರ ಅರ್ಧಕ್ಕರ್ಧ ಮಂದಿ ಅಲ್ಲೀ ಅಡ್ರೆಸ್ ಹಾಕಿಸಿಕೊಂಡು ಬಂದಿರ್ತಾರ. ನಿಮ್ಮದು ಇಲ್ಲೀದ ಐತಿ, ಚಲೋ ಆತು" ಅಂದರು. ಮತ್ತೇನೂ ಕೇಳಲಿಲ್ಲ. ಕೆಎ-23 ನಂಬರ್ ಬಂದ ಮೆಸೇಜ್ ಆ ವಾರದಲ್ಲೇ ಭಾವನ ಮೊಬೈಲಿಗೆ ಬಂತು.

ಇಷ್ಟೆಲ್ಲ ಸರಳವಾಗಿ ಆಗಿ, ತಡವಾದದ್ದು ನಂಬರ್ ಪ್ಲೇಟ್. 2019ರ ಏಪ್ರಿಲ್ 1ರ ನಂತರ ತಯಾರಾದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ ಫಲಕ) ಪ್ಲೇಟನ್ನು ತಯಾರಕರೇ ಡೀಲರ್ ಮೂಲಕ ಕೊಡಬೇಕು. ಪ್ಲೇಟಿನ ಲೇಸರ್ ಸಂಖ್ಯೆ ವಾಹನ್‌ನಲ್ಲಿ ಸೇರದಿದ್ದರೆ ಆರ್‌ಸಿ ಕಾರ್ಡ್ ಮುದ್ರಣಕ್ಕೆ ಹೋಗುವುದಿಲ್ಲ. ಪುಣೆಯವರು "ನಂಬರ್ ಕರ್ನಾಟಕದ್ದು, ಅಲ್ಲೇ ಮಾಡಿಸಿ" ಅಂದರು. ಬೆಳಗಾವಿಯವರು "ಗಾಡಿ ಮಾರಿದವರು ಕೊಡಬೇಕು, ನಮ್ಮಲ್ಲಿ ಕೊಂಡದ್ದಲ್ಲವಲ್ಲ" ಅಂದರು. ಇಬ್ಬರ ಮಾತಿನ ನಡುವೆ ಗಾಡಿ ಹಳದಿ ಫಲಕದಲ್ಲೇ ನಿಂತಿತು. ಇದು ನನಗೆ ನಿಜಕ್ಕೂ ಸಿಟ್ಟು ಬಂದ ಘಟ್ಟ. ಗ್ರಾಹಕ ತೆರಿಗೆ ಕಟ್ಟಿ, ನಿಯಮದಂತೆ ತನ್ನ ಊರಿನ ನಂಬರ್ ಪಡೆದರೆ, ಒಂದೇ ಕಂಪನಿಯ ಇಬ್ಬರು ಡೀಲರ್‌ಗಳು ಅವನನ್ನು ಒಬ್ಬರಿಂದ ಒಬ್ಬರಿಗೆ ಅಟ್ಟುವುದು ಸರಿಯಲ್ಲ.

ಜಗಳಕ್ಕೆ ಇಳಿಯದೆ ಕಾರು ಕಂಪನಿಯ ಗ್ರಾಹಕ ಸೇವೆಗೆ ಬರೆದೆವು. ನೋಂದಣಿ ಸಂಖ್ಯೆ, ಚಾಸಿ ನಂಬರ್, ಇಬ್ಬರೂ ಕೊಟ್ಟ ಉತ್ತರ, ಎಲ್ಲ ಒಂದೇ ಈಮೇಲ್‌ನಲ್ಲಿ. ಪುಣೆಯ ಡೀಲರ್ ಪ್ಲೇಟಿಗೆ ಆರ್ಡರ್ ಹಾಕಬೇಕು, ಬೆಳಗಾವಿಯಲ್ಲಿ ಕೂರಿಸಬೇಕು ಅಂತ ಅಲ್ಲಿಂದ ಉತ್ತರ ಬಂತು. ಹಾಗೇ ಆಯಿತು. ಡೆಲಿವರಿಗೆ ಮೊದಲೇ ಪ್ಲೇಟ್ ಯಾರು, ಎಲ್ಲಿ, ಹೇಗೆ ಹಾಕಿಸಿಕೊಡುತ್ತಾರೆ ಅಂತ ಮಾರುವ ಡೀಲರ್‌ನಿಂದ ಬರೆಸಿಕೊಂಡರೆ ಈ ಅಲೆದಾಟ ತಪ್ಪುತ್ತದೆ. ಹೊರಗಿನಿಂದ ಕಾರು ತರುವವರು ಯಾರೇ ಕೇಳಿದರೂ ಈಗ ನಾನು ಮೊದಲು ಹೇಳುವುದು ವಿಳಾಸದ ಮಾತು, ಎರಡನೆಯದು ಪ್ಲೇಟಿನ ಮಾತು.

ಆರ್‌ಸಿ ಬಂದ ಮೇಲೆ ಸಣ್ಣಪುಟ್ಟ ಕೆಲಸ ಉಳಿದಿತ್ತು. ವಿಮೆಯಲ್ಲಿ 'ಹೊಸದು' ಅಂತ ಇದ್ದ ಕಡೆ ನಂಬರ್ ಸೇರಿಸಿಸಿದೆವು. ಫಾಸ್ಟ್ಯಾಗ್ ಚಾಸಿ ನಂಬರ್ ಮೇಲೆ ಕೊಟ್ಟಿದ್ದು. ಅದಕ್ಕೆ 90 ದಿನದೊಳಗೆ ನೋಂದಣಿ ಸಂಖ್ಯೆ ಸೇರಿಸದಿದ್ದರೆ ಟ್ಯಾಗ್ ನಿಲ್ಲಿಸುತ್ತಾರೆ. ಅದನ್ನೂ ಮಾಡಿದೆವು. ಬ್ಯಾಂಕಿಗೆ ಆರ್‌ಸಿ ಪ್ರತಿ ಕೊಟ್ಟೆವು. ಮೊದಲ ಸರ್ವಿಸ್ ಬೆಳಗಾವಿಯಲ್ಲೇ ಆಯಿತು. ವಾರಂಟಿ ಗಾಡಿಯದು, ಡೀಲರ್‌ನದಲ್ಲ. ಎಲ್ಲಿ ಕೊಂಡರೂ ಕಂಪನಿಯ ಯಾವ ವರ್ಕ್‌ಶಾಪ್‌ನಲ್ಲಾದರೂ ನಡೆಯುತ್ತದೆ. ಸರ್ವಿಸ್‌ಗೆ ಬಿಟ್ಟಾಗ ಭಾವ ಅಲ್ಲಿನ ಕೌಂಟರಿನಲ್ಲಿ ತಮ್ಮ ಮೊದಲ ಬುಕಿಂಗ್ ವಿಚಾರಿಸಿದರು. ಆಟೋಮ್ಯಾಟಿಕ್‌ಗೆ ಇನ್ನೂ ವೇಟಿಂಗ್ ಇತ್ತು. ಅಲ್ಲಿ ಕಟ್ಟಿದ್ದ ಬುಕಿಂಗ್ ದುಡ್ಡು ವಾಪಸ್ ಪಡೆಯಲು ಅವತ್ತೇ ಅರ್ಜಿ ಕೊಟ್ಟು ಬಂದರು.